ಹೆದ್ದಾರಿಯಲ್ಲಿ ನಮ್ಮ ಜಿಪ್ಸಿ

ಮನುಷ್ಯರಿಗೆ ಒಬ್ಬೊಬ್ಬರಿಗೆ ಒಂದೊಂದು ನಡಿಗೆ ಇರುವ ಹಾಗೆ ಗಾಡಿಗಳಿಗೂ ಅವುಗಳದೇ ಒಂದು ನಡಿಗೆ ಇರುತ್ತದೆ. ಬೆಟ್ಟ ಹತ್ತುವವರ ನಡಿಗೆ ಬೇರೆ, ಬಯಲಿನಲ್ಲಿ ಬಿರಬಿರನೆ ಹೋಗುವವರ ನಡಿಗೆ ಬೇರೆ. ತಲೆಯ ಮೇಲೆ ಸೌದೆ ಹೊರೆ ಹೊತ್ತು ಗುಡ್ಡ ಇಳಿಯುವ ಹೆಂಗಸನ್ನು ಪೇಟೆಯ ರಸ್ತೆಗೆ ತಂದು "ಓಡು" ಎಂದರೆ ಅವಳು ಎಡವುತ್ತಾಳೆ. ಅದು ಅವಳ ಕಾಲಿನ ದೋಷವಲ್ಲ. ಇಷ್ಟು ಸಣ್ಣ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಲು ಒಂದು ಜಿಪ್ಸಿಯೂ, ನಮ್ಮ ಅತ್ತೆಯವರ ಕಣ್ಣೂ, ಸುಮಾರು ಎಂಟು ತಿಂಗಳ ಕಾಲವೂ ಬೇಕಾದವು.

ಮಲೆನಾಡಿನವರಿಗೆ ಮಾರುತಿ ಜಿಪ್ಸಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗಾಗಿ ಎರಡು ಮಾತು. 1985ರ ಡಿಸೆಂಬರಿನಲ್ಲಿ ಇದು ನಮ್ಮ ದೇಶದ ರಸ್ತೆಗೆ ಬಂತು. ಜಪಾನಿನ ಸುಜುಕಿಯವರ ಪುಟ್ಟ ಜೀಪಿನ ಉದ್ದನೆಯ ಅವತಾರ. ಮೊದಲು ಇದ್ದದ್ದು 970 ಸಿ.ಸಿ. ಎಂಜಿನ್, ನಲವತ್ತೈದು ಅಶ್ವಶಕ್ತಿ, ನಾಲ್ಕೇ ಗೇರು. 1996ರಲ್ಲಿ 1300 ಸಿ.ಸಿ.ಯ ‘ಜಿಪ್ಸಿ ಕಿಂಗ್’ ಬಂತು. 2000ದ ಸುಮಾರಿಗೆ ಎಂಜಿನ್ನಿನ ಶಕ್ತಿ ಎಂಬತ್ತಕ್ಕೆ ಏರಿತು. 2019ರಲ್ಲಿ ಸಾರ್ವಜನಿಕರಿಗೆ ಮಾರುವುದು ನಿಂತುಹೋಯಿತು. ತೂಕ ಸುಮಾರು ಒಂದು ಟನ್, ಅಷ್ಟೆ. ಅದಕ್ಕೇ ದೊಡ್ಡ ಜೀಪುಗಳು ಹೂತುಕೊಳ್ಳುವ ಕೆಸರಿನಲ್ಲಿ ಇದು ಬೆಕ್ಕಿನಂತೆ ಹೆಜ್ಜೆಯಿಟ್ಟು ದಾಟುತ್ತದೆ.

ನಮ್ಮ ಮನೆ ಇರುವುದು ಸಕಲೇಶಪುರ ತಾಲ್ಲೂಕಿನ ಒಂದು ಮೂಲೆಯಲ್ಲಿ. ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರು ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಕೊನೆಗೊಂದು ಕಡಿದಾದ ಏರು. ಜೂನ್ ಬಂತೆಂದರೆ ಆ ಏರಿನಲ್ಲಿ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಗೆ ಹೋದ ವರ್ಷಗಳು ಎಷ್ಟೋ. ಹೀಗಾಗಿ 2022ರಲ್ಲಿ ನಮ್ಮ ಮನೆಯವರು ಹಳೆಯ ಕಾರನ್ನು ಕೊಟ್ಟು, 2009ರ ಮಾದರಿಯ ಜಿಪ್ಸಿಯೊಂದನ್ನು ತಂದಾಗ ಹೆಚ್ಚು ಸಂತೋಷಪಟ್ಟವಳು ನಾನೇ.

ಆದರೆ ಅದು ಹುಟ್ಟಿದ ರೂಪದಲ್ಲಿ ಇರಲಿಲ್ಲ. ಹಿಂದಿನ ಒಡೆಯ ಬಿಸಿರಕ್ತದ ಹುಡುಗ. ಕಾಡುದಾರಿಯ ಪಂದ್ಯಗಳ ಹುಚ್ಚಿನವನು. ಸ್ಪ್ರಿಂಗ್ ಪ್ಲೇಟುಗಳ ಶ್ಯಾಕಲ್ ಉದ್ದ ಮಾಡಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದ. ಮೂಲದ ಟೈರು ತೆಗೆದು, ದಪ್ಪ ದಪ್ಪ ಗುಬುಟಿನ ಮಡ್ ಟೈರು ಹಾಕಿಸಿದ್ದ. ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್, ಮುಂದೆ ಸಾಲು ದೀಪ. ಊರಿನ ಹುಡುಗರು ಸುತ್ತ ನಿಂತು ಮುಟ್ಟಿ ಮುಟ್ಟಿ ನೋಡಿದರು. ನಮ್ಮವರು ಐವತ್ತೆಂಟನೆಯ ವಯಸ್ಸಿನಲ್ಲಿ ಮದುಮಗನಂತೆ ನಗುತ್ತಾ ನಿಂತಿದ್ದರು.

ಮಳೆಗಾಲದಲ್ಲಿ ಅದು ತನ್ನ ಋಣ ತೀರಿಸಿತು, ಸುಳ್ಳು ಹೇಳಬಾರದು. ಇದರಲ್ಲಿ ಗೇರಿನ ಕೋಲು ಎರಡು. ಚಿಕ್ಕ ಕೋಲನ್ನು ಹಾಕಿದರೆ ಮುಂದಿನ ಚಕ್ರಗಳಿಗೂ ಶಕ್ತಿ ಹೋಗುತ್ತದೆ. ಅದನ್ನೇ ಇನ್ನೊಂದು ಮನೆಗೆ ತಳ್ಳಿದರೆ ವೇಗ ಇಳಿದು ಎಳೆತ ಏರುತ್ತದೆ. ನಮ್ಮ ಏರನ್ನು ಅದು ಎರಡನೆಯ ಯೋಚನೆಯಿಲ್ಲದೆ ಹತ್ತಿತು. ಹೆರಿಗೆ ನೋವು ಬಂದ ತೋಟದ ಹೆಣ್ಣುಮಗಳೊಬ್ಬಳನ್ನು ರಾತ್ರಿ ಹನ್ನೊಂದಕ್ಕೆ ಪೇಟೆಗೆ ಮುಟ್ಟಿಸಿದ್ದೂ ಅದೇ.

ತೊಡಕು ಶುರುವಾದದ್ದು ಬಯಲಿಗೆ ಇಳಿದ ಮೇಲೆ. ನಮ್ಮ ಅತ್ತೆಯವರಿಗೆ ಎಂಬತ್ತೆರಡು ವರ್ಷ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ವಯಸ್ಸಿನಿಂದ ಬರುವ ತೊಂದರೆ ಕಾಣಿಸಿಕೊಂಡು, ನೇರ ನೋಟದ ನಡುವೆಯೇ ಒಂದು ಮಸುಕು ಬಂದು ಕೂತಿತ್ತು. ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಕಣ್ಣಿಗೇ ಇಂಜೆಕ್ಷನ್. "ತಪ್ಪಿಸಬೇಡಿ, ಇರುವ ದೃಷ್ಟಿಯನ್ನು ಉಳಿಸಿಕೊಳ್ಳಲು ಇದೇ ದಾರಿ" ಎಂದಿದ್ದರು ಡಾಕ್ಟರು. ಸಕಲೇಶಪುರದಿಂದ ಹಾಸನ, ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ಸುಮಾರು 220 ಕಿಲೋಮೀಟರು. ಹಾಸನದಿಂದಾಚೆ ನಾಲ್ಕು ಪಥದ ಹೆದ್ದಾರಿ, ಹಪ್ಪಳ ಒಣಗಿಸುವಷ್ಟು ನುಣುಪು. ಆರಾಮದ ಪ್ರಯಾಣ ಎಂದುಕೊಂಡೆವು.

ಮುಂದಿನ ಸೀಟಿನಲ್ಲಿ ಅತ್ತೆ, ಹಿಂದಿನ ಅಡ್ಡ ಸೀಟಿನಲ್ಲಿ ನಾನು. ಎಂಬತ್ತು ದಾಟಿತೋ ಇಲ್ಲವೋ ಮಡ್ ಟೈರುಗಳು ಜೇನುಹುಳುವಿನಂತೆ ಗುಂಯ್‌ಗುಡತೊಡಗಿದವು. ಮೇಲಿನ ಕ್ಯಾರಿಯರ್ ಸಿಳ್ಳೆ ಹೊಡೆಯಿತು. ಪಕ್ಕದಲ್ಲಿ ಬಸ್ಸು ದಾಟಿದರೆ ಇಡೀ ಗಾಡಿ ಒಂದು ಮೊಳ ಸರಿದಂತಾಗುತ್ತಿತ್ತು. ಸೇತುವೆಯ ಕೂಡುಗೆರೆಯೊಂದರ ಮೇಲೆ ಹಾಯ್ದಾಗ ಸ್ಟಿಯರಿಂಗ್ ಚಕ್ರ ಗಡಗಡ ನಡುಗಿ, ನಮ್ಮವರು ಎರಡೂ ಕೈಯಲ್ಲಿ ಅದುಮಿ ಹಿಡಿದು, ವೇಗ ಇಳಿಸಿದ ಮೇಲೆಯೇ ಅದು ಸುಮ್ಮನಾದದ್ದು. ಅತ್ತೆ ಮಾತಾಡಲಿಲ್ಲ. ಸೆರಗನ್ನು ಕಿವಿಗೆ ಸುತ್ತಿಕೊಂಡು ಕಣ್ಣು ಮುಚ್ಚಿಕೊಂಡರು.

ಮೂರನೆಯ ಸಲ ಹೋಗಿ ಬಂದ ರಾತ್ರಿ, ಊಟದ ತಟ್ಟೆ ಮುಂದಿಟ್ಟಾಗ ಮಗನಿಗೆ ಹೇಳಿದರು: "ನೋಡು ಮಗ, ಕಣ್ಣು ಹೋದರೆ ಹೋಗಲಿ. ಇನ್ನು ಆ ಗಾಡಿಗೆ ನಾನು ಹತ್ತಾಕಿಲ್ಲ. ನನ್ನ ಸೊಂಟ ಒಂದು ಕಡೆ, ತಲೆ ಒಂದು ಕಡೆ ಆಗೈತೆ." ಬಾಡಿಗೆ ಕಾರು ತರಿಸೋಣ ಎಂದರೆ ಮಳೆಗಾಲದಲ್ಲಿ ಅದು ನಮ್ಮ ಏರು ಹತ್ತುವುದಿಲ್ಲ, ಪ್ರತಿ ತಿಂಗಳೂ ಅಷ್ಟು ದುಡ್ಡು ಕೊಡುವ ಶಕ್ತಿಯೂ ನಮಗಿರಲಿಲ್ಲ. ಬಸ್ಸೆಂದರೆ ಮೂರು ಕಿಲೋಮೀಟರು ನಡಿಗೆ. ಮುಂದಿನ ಇಂಜೆಕ್ಷನ್ನಿಗೆ ಉಳಿದಿದ್ದದ್ದು ಇಪ್ಪತ್ತಾರು ದಿನ.

ನಮ್ಮವರಿಗೆ ಹೊಳೆದ ಪರಿಹಾರ ಗಂಡಸರಿಗೆ ಸಹಜವಾದದ್ದು: ಗಾಡಿಗೆ ಇನ್ನಷ್ಟು ಸೇರಿಸುವುದು. ಇನ್ನೂ ಗಟ್ಟಿ ಶಾಕ್ ಅಬ್ಸಾರ್ಬರ್, ಇನ್ನೂ ಅಗಲದ ಟೈರು, ಸಾಧ್ಯವಾದರೆ ಬೇರೆ ಎಂಜಿನ್. ನಾನು ಬಿ.ಎ., ಬಿ.ಎಡ್. ಮಾಡಿದವಳು, ಎಂಜಿನಿಯರಿಂಗ್ ಓದಿದವಳಲ್ಲ. ಆದರೆ ಏಳನೆಯ ತರಗತಿಗೆ ವೃತ್ತದ ಪರಿಧಿ ಹೇಳಿಕೊಟ್ಟು ಕೈ ಪಳಗಿದೆ. ಟೈರಿನ ಬದಿಯಲ್ಲಿ ಬರೆದ ಅಂಕಿಗಳನ್ನು ಗುರುತು ಹಾಕಿಕೊಂಡು ಲೆಕ್ಕಕ್ಕೆ ಕೂತೆ.

ಮೂಲದ ಟೈರು 205/70 ಆರ್ 15. ಎಂದರೆ ಅಗಲ 205 ಮಿಲಿಮೀಟರು, ಎತ್ತರ ಅದರ ಶೇಕಡಾ ಎಪ್ಪತ್ತು, ರಿಮ್ಮು ಹದಿನೈದು ಇಂಚು. ವ್ಯಾಸ 668 ಮಿಲಿಮೀಟರು, ಪರಿಧಿ ಸುಮಾರು 2 ಮೀಟರು 10 ಸೆಂಟಿಮೀಟರು. ಹಾಕಿಸಿದ್ದದ್ದು 235/75. ಅದರ ವ್ಯಾಸ 733, ಪರಿಧಿ 2 ಮೀಟರು 30. ಒಂದು ಕಿಲೋಮೀಟರಿಗೆ ಮೂಲದ ಟೈರು 476 ಸುತ್ತು ಸುತ್ತಿದರೆ ಇದು 434 ಸುತ್ತುತ್ತದೆ. ಮೀಟರಿನ ಮುಳ್ಳಿಗೆ ಗೊತ್ತಿರುವುದು ಸುತ್ತಿನ ಲೆಕ್ಕ ಮಾತ್ರ. ಹಾಗಾಗಿ ಮೂಲದ ಟೈರಿನಲ್ಲಿ ಎಂಬತ್ತು ತೋರಿಸುವ ಕಡೆ ಈಗ ಗಾಡಿ ಓಡುತ್ತಿರುವುದು ಸುಮಾರು ಎಂಬತ್ತೆಂಟರಲ್ಲಿ! "ನೀವು ತೊಂಬತ್ತು ಅಂದುಕೊಂಡಾಗ ನಿಮ್ಮ ಅಮ್ಮ ನೂರರ ಹತ್ತಿರ ಹೋಗ್ತಾ ಇದ್ರು ರೀ" ಎಂದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಲೆಕ್ಕ ನೋಡಿದರು.

ಇನ್ನೊಂದು ಲೆಕ್ಕ ಗಾಳಿಯದು. ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಒಂದೂವರೆಯಲ್ಲ, ಎರಡೂ ಕಾಲು ಪಟ್ಟಾಗುತ್ತದೆ. ಆ ತಡೆಯನ್ನು ಅದೇ ವೇಗದಲ್ಲಿ ದೂಡಲು ಬೇಕಾದ ಶಕ್ತಿ ಮೂರು ಪಟ್ಟಿಗೂ ಹೆಚ್ಚು. ಅರುವತ್ತರಲ್ಲಿ ಹಾಯಾಗಿದ್ದ ಗಾಡಿ ತೊಂಬತ್ತರಲ್ಲಿ ಏಕೆ ಏದುಸಿರು ಬಿಡುತ್ತದೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಕಾರುಗಳ ಮೂಗು ಜಾರುವ ಹಾಗಿದ್ದರೆ ಜಿಪ್ಸಿಯ ಮುಖ ಬಾಗಿಲಿನಂತೆ ನೆಟ್ಟಗೆ. ಅದರ ಮೇಲೆ ಎರಡು ಇಂಚು ಎತ್ತರ, ತಲೆಗೆ ಕ್ಯಾರಿಯರ್. ಗಾಳಿಗೆ ಎದೆಯೊಡ್ಡಿ ನಿಂತಂತೆಯೇ. ಎಂಜಿನ್ನಿಗೋ ಎಳೆತ ಹುಟ್ಟುವುದು ಜೋರಾಗಿ ಸುತ್ತಿದಾಗ. ಚಕ್ರ ದೊಡ್ಡದಾದಷ್ಟೂ ಅದನ್ನು ತಿರುಗಿಸುವುದು ಕಷ್ಟ. ಹೀಗಾಗಿ ಹಿರೀಸಾವೆಯ ಕಡೆಯ ಸಣ್ಣ ಏರಿನಲ್ಲೂ ಐದನೆಯ ಗೇರಿನಿಂದ ನಾಲ್ಕಕ್ಕೆ ಇಳಿಸಬೇಕಾಗುತ್ತಿತ್ತು. ಲೀಟರಿಗೆ ಒಂಬತ್ತು ಕಿಲೋಮೀಟರು ಕೊಟ್ಟರೆ ಪುಣ್ಯ.

ಹಾಸನದ ಮೆಕ್ಯಾನಿಕ್ ಸಾಬರು ಹಳಬರು. ಗಾಡಿಯ ಕೆಳಗೆ ನುಸುಳಿ ಹೊರಬಂದು ಕೈ ಒರೆಸಿಕೊಳ್ಳುತ್ತಾ, "ಟೀಚರಮ್ಮಾ, ಎತ್ತರ ಮಾಡಿದಾಗ ಮುಂದಿನ ಆಕ್ಸಲ್ಲಿನ ಓರೆ ಬದಲಾಗಿದೆ. ಟೈರ್ ಭಾರ, ಬ್ಯಾಲೆನ್ಸ್ ಇಲ್ಲ, ಬುಷ್ ಸವೆದಿದೆ. ಅದಕ್ಕೇ ಸ್ಟಿಯರಿಂಗ್ ಕುಣಿಯುತ್ತೆ. ಇದಕ್ಕೆ ಸೇರಿಸೋದು ಏನೂ ಇಲ್ಲ, ತೆಗೆಯೋದು ಇದೆ" ಎಂದರು. ಅವರ ಬಾಯಿಗೆ ಸಕ್ಕರೆ ಹಾಕಬೇಕೆನ್ನಿಸಿತು.

ಕಾನೂನೂ ಅದನ್ನೇ ಹೇಳುತ್ತಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ತೀರ್ಪು ಕೊಟ್ಟಿದೆ. 2024ಕ್ಕೆ ನಮ್ಮ ಗಾಡಿಗೆ ಹದಿನೈದು ವರ್ಷ ತುಂಬುವುದಿತ್ತು. ನೋಂದಣಿ ನವೀಕರಿಸುವಾಗ ತಪಾಸಣೆಗೆ ನಿಲ್ಲಿಸಲೇಬೇಕು. ನಮ್ಮವರು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ತಾವೇ ಗಾಡಿ ತೆಗೆದುಕೊಂಡು ಹಾಸನಕ್ಕೆ ಹೋದರು. ಕ್ಯಾರಿಯರ್ ಇಳಿಯಿತು, ಸಾಲು ದೀಪ ಇಳಿಯಿತು, ಶ್ಯಾಕಲ್ ಮೂಲದ ಅಳತೆಗೆ ಬಂತು. ಮೂಲದ ಅಳತೆಯ ಟೈರು, ಹೊಸ ಬುಷ್, ವೀಲ್ ಬ್ಯಾಲೆನ್ಸ್. ಮಡ್ ಟೈರುಗಳನ್ನು ಮಾರಿದ ದುಡ್ಡು ಖರ್ಚಿನ ಅರ್ಧಕ್ಕೆ ಬಂತು. ಗಾಡಿ ಊರಿಗೆ ಮರಳಿದಾಗ ಹುಡುಗರು ಯಾರೂ ಸುತ್ತ ನಿಲ್ಲಲಿಲ್ಲ. ಅದು ಅವರಿಗೆ ನೋವು ಕೊಟ್ಟಿತೆಂದು ನನಗೆ ಗೊತ್ತು. ಆ ಸಂಜೆ ಅಕ್ಕಿರೊಟ್ಟಿಗೆ ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕಿದೆ. ಹೇಳಬೇಕಾದ್ದು ಅಷ್ಟೇ ಇತ್ತು.

ಅತ್ತೆಯವರನ್ನು ಒಪ್ಪಿಸುವ ಕೆಲಸ ಉಳಿದಿತ್ತು. "ಈ ಸಲ ನಾನು ಓಡಿಸ್ತೀನಿ ಅತ್ತೆ. ಎಪ್ಪತ್ತರ ಮೇಲೆ ಹೋದರೆ ಅಲ್ಲೇ ಇಳಿದುಬಿಡಿ" ಎಂದೆ. ನಲವತ್ತೈದನೆಯ ವಯಸ್ಸಿನಲ್ಲಿ ಗಾಡಿ ಕಲಿತವಳು ನಾನು. ಅವರು ಸ್ವಲ್ಪ ಹೊತ್ತು ಯೋಚಿಸಿ, "ನೀನಾದರೆ ಹತ್ತುತೀನಿ" ಎಂದರು. ಇಪ್ಪತ್ತಾರನೆಯ ದಿನ ಬೆಳಗಿನ ಜಾವ ಹೊರಟೆವು.

ಹೆದ್ದಾರಿಯಲ್ಲಿ ಚಿಕ್ಕ ಕೋಲನ್ನು ನಾನು ಮುಟ್ಟುವುದಿಲ್ಲ. ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟರೆ ಹಿಡಿತ ಹೆಚ್ಚೆಂದು ಕೆಲವರು ಒಣ ಡಾಂಬರಿನಲ್ಲೂ ಹಾಕಿಕೊಂಡು ಹೋಗುತ್ತಾರಂತೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಜಿಪ್ಸಿಯಲ್ಲಿ ಎರಡನ್ನೂ ಒಟ್ಟಿಗೆ ಬಿಗಿದರೆ ಆ ವ್ಯತ್ಯಾಸಕ್ಕೆ ಜಾಗವಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಗೇರುಗಳು ತಿರುಚಿಕೊಂಡು ಸವೆಯುತ್ತವೆ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಡ ಪಥ, ಮುಳ್ಳು ಅರುವತ್ತೈದು ಎಪ್ಪತ್ತರ ನಡುವೆ. ಮುಂದಿನ ಗಾಡಿಗೂ ನಮಗೂ ಧಾರಾಳ ಅಂತರ. ಕಾರುಗಳು ಬಲಗಡೆಯಿಂದ ಒಂದೊಂದಾಗಿ ದಾಟಿ ಹೋದವು. ಕೆಲವರು ತಿರುಗಿ ನೋಡಿದರು, ಜಿಪ್ಸಿ ಓಡಿಸುವ ಮುದುಕಿ ಯಾರೆಂದು. ಹಿಂದಿನ ಅಡ್ಡ ಸೀಟಿನಲ್ಲಿ ಈಗ ನಮ್ಮವರು. "ಇನ್ನೊಂಚೂರು ಒತ್ತಬಹುದು" ಎಂದರು ಒಂದು ಸಲ. ನಾನು ಬಾಯಿಲೆಕ್ಕ ಒಪ್ಪಿಸಿದೆ: 220 ಕಿಲೋಮೀಟರನ್ನು ತೊಂಬತ್ತರಲ್ಲೇ ಹೋದರೆ ಎರಡು ಗಂಟೆ ಇಪ್ಪತ್ತೇಳು ನಿಮಿಷ, ಎಪ್ಪತ್ತರಲ್ಲಿ ಮೂರು ಗಂಟೆ ಒಂಬತ್ತು ನಿಮಿಷ. ವ್ಯತ್ಯಾಸ ನಲವತ್ತೆರಡು ನಿಮಿಷ. ಅಷ್ಟನ್ನು ನಾವು ಬೆಳಿಗ್ಗೆ ಬೇಗ ಎದ್ದು ಸಂಪಾದಿಸಬಹುದು. ಆಮೇಲೆ ಅವರು ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂತರು. ಪೆಟ್ರೋಲ್ ಲೆಕ್ಕ ನೋಡಿದಾಗ ಲೀಟರಿಗೆ ಹನ್ನೆರಡರ ಹತ್ತಿರ ಬಂದಿತ್ತು.

ಜಿಪ್ಸಿ ಈಗ ಕಾರಾಗಿಬಿಟ್ಟಿದೆ ಎಂದು ನಾನು ಹೇಳುವುದಿಲ್ಲ. ಸ್ಪ್ರಿಂಗ್ ಪ್ಲೇಟಿನ ಗಡಸು ಗಡಸೇ. ಬಸ್ಸು ದಾಟಿದರೆ ಈಗಲೂ ಸ್ವಲ್ಪ ತೂಗುತ್ತದೆ. ನಮ್ಮ ಏರಿನ ಕೆಸರಿನಲ್ಲಿ ಮಡ್ ಟೈರಿದ್ದಷ್ಟು ಸಲೀಸಿಲ್ಲ. ಚಿಕ್ಕ ಕೋಲು ಹಾಕಿ ನಿಧಾನಕ್ಕೆ ಹತ್ತಿಸಬೇಕು. ಆದರೆ ಹತ್ತುತ್ತದೆ. ಒಂದು ತಿಂಗಳೂ ಇಂಜೆಕ್ಷನ್ ತಪ್ಪಲಿಲ್ಲ.

ಆರನೆಯ ಇಂಜೆಕ್ಷನ್ನಿಗೆ ಹೋಗುವಾಗ ಅತ್ತೆ ಸೆರಗನ್ನು ಕಿವಿಗೆ ಸುತ್ತಿಕೊಂಡಿರಲಿಲ್ಲ. ಬೆಳ್ಳೂರು ಕ್ರಾಸ್ ದಾಟಿದ ಮೇಲೆ ರಸ್ತೆಯ ಮೇಲಿನ ಹಸಿರು ಹಲಗೆಯೊಂದು ಹತ್ತಿರ ಬಂತು. ಅವರು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಒಂದನೆಯ ತರಗತಿಯ ಮಗುವಿನಂತೆ ಕೂಡಿಸಿ ಓದಿದರು: "ಯ... ಡಿ... ಯೂ... ರು." ಹಲಗೆ ತಲೆಯ ಮೇಲೆ ಹಾದುಹೋಗುವುದರೊಳಗೆ ಪೂರ್ತಿ ಓದಿ ಮುಗಿಸಿದ್ದರು.