ಎಸ್.ಪಿ. ರಸ್ತೆಯಿಂದ ಹೊಳಲ್ಕೆರೆಗೆ

ಚಿತ್ರದುರ್ಗ ಎಂದೊಡನೆ ನೆನಪಾಗುವುದು ಏಳು ಸುತ್ತಿನ ಕೋಟೆ, ಒನಕೆ ಓಬವ್ವ, ಬಂಡೆಗಳ ನಡುವೆ ಮಳೆನೀರು ಹಿಡಿದಿಟ್ಟ ಹೊಂಡಗಳು. ಇವನ್ನು ನೋಡಲು ಹೊರಗಿನವರು ದುರ್ಗಕ್ಕೆ ಬರುತ್ತಾರೆ. ಆದರೆ ದುರ್ಗದ ಸೀಮೆಯ ಕೆಲವು ಹುಡುಗರು ಇಲ್ಲಿಂದ ಹೊರಡುವ ಯಾತ್ರೆಯೊಂದಿದೆ. ಅದು ಬೆಂಗಳೂರಿನ ಎಸ್.ಪಿ. ರಸ್ತೆಗೆ. ಕಂಪ್ಯೂಟರಿನ ಬಿಡಿಭಾಗಗಳನ್ನು ತಾವೇ ಆರಿಸಿ ತಂದು, ಮನೆಯಲ್ಲೇ ಜೋಡಿಸುವ ಹುಮ್ಮಸ್ಸು ಅವರದು.

ಹೊಸದುರ್ಗದ ಯುವಕನೊಬ್ಬ ಹೀಗೆ ಹೊರಟದ್ದು ತನಗಾಗಿ ಅಲ್ಲ, ಹೊಳಲ್ಕೆರೆ ತಾಲ್ಲೂಕಿನ ಗೆಳೆಯನಿಗಾಗಿ. ಇಬ್ಬರೂ ದುರ್ಗದಲ್ಲಿ ಡಿಪ್ಲೊಮಾ ಓದುವಾಗ ಒಂದೇ ರೂಮಿನಲ್ಲಿದ್ದವರು. ಗೆಳೆಯನ ತಂಗಿ ಬಿ.ಸಿ.ಎ. ಸೇರಿದ್ದಳು. ತಂದೆ ಅಡಿಕೆ ಮಾರಿದ ಹಣದಲ್ಲಿ 40 ಸಾವಿರ ರೂಪಾಯಿ ತೆಗೆದಿಟ್ಟಿದ್ದರು. ‘ನೀನೇ ಮುಂದೆ ನಿಂತು ಮಾಡಿಕೊಡಪ್ಪ. ನಮಗೆ ಇದೆಲ್ಲ ತಿಳಿಯೋದಿಲ್ಲ’ ಎಂದು ಹಣವನ್ನು ಅವನ ಕೈಗೇ ಕೊಟ್ಟರು. ನಂಬಿಕೆಯ ಭಾರ ಹಣಕ್ಕಿಂತ ಹೆಚ್ಚು.

ದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಬೆಳಗಿನ ಬಸ್ಸು ಗಾಳಿಯಂತ್ರಗಳು ತಿರುಗುವ ಗುಡ್ಡಗಳನ್ನು ಹಿಂದೆ ಬಿಟ್ಟು ಹಿರಿಯೂರು ಸೇರುತ್ತದೆ. ಇಲ್ಲಿಗೆ ಹತ್ತಿರದಲ್ಲೇ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. ಜನರ ಬಾಯಲ್ಲಿ ಅದು ಮಾರಿಕಣಿವೆ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಪೂರ್ಣಗೊಂಡ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಇಲ್ಲಿ ಎಷ್ಟು ಅಪರೂಪದ ಅತಿಥಿ ಎಂಬುದನ್ನು ಈ ಎರಡು ಇಸವಿಗಳೇ ಹೇಳುತ್ತವೆ. ಈ ಮಾತಿಗೂ ಕಂಪ್ಯೂಟರಿಗೂ ನಂಟಿದೆ. ಅದು ಆ ಯುವಕನಿಗೆ ತಿಳಿದದ್ದು ಆಮೇಲೆ.

ಸಿರಾ, ತುಮಕೂರು ದಾಟಿ ಮೆಜೆಸ್ಟಿಕ್ಕಿನಲ್ಲಿ ಇಳಿದು, ಮೆಟ್ರೊ ಹತ್ತಿದರೆ ಚಿಕ್ಕಪೇಟೆಯ ನಂತರ ಕೆ.ಆರ್. ಮಾರುಕಟ್ಟೆ ನಿಲ್ದಾಣ. ಅಲ್ಲಿಂದ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು. ಪೂರ್ಣ ಹೆಸರು ಸದರ್ ಪತ್ರಪ್ಪ ರಸ್ತೆ ಎಂದರೂ ಎರಡಕ್ಷರವೇ ರೂಢಿ. ಕೈಗಾಡಿ, ಆಟೊ, ತಲೆಯ ಮೇಲೆ ಪೆಟ್ಟಿಗೆ ಹೊತ್ತವರ ನಡುವೆ ದಾರಿ ಮಾಡಿಕೊಂಡು ಸಾಗಬೇಕು. ಒಂದು ಅಂಗಡಿಯಲ್ಲಿ ವೈರು, ಇನ್ನೊಂದರಲ್ಲಿ ಕೀಬೋರ್ಡು, ಮಹಡಿಯ ಮೇಲಿನ ಇಕ್ಕಟ್ಟಾದ ಮಳಿಗೆಯಲ್ಲಿ ಮದರ್‌ಬೋರ್ಡು. ಒಂದೇ ವಸ್ತುವಿಗೆ ಮೂರು ಅಂಗಡಿಯಲ್ಲಿ ಮೂರು ದರ. ಮೊದಲ ಅಂಗಡಿಯಲ್ಲೇ ಹಣ ಬಿಚ್ಚುವವರು ಈ ರಸ್ತೆಗೆ ಹೊಸಬರು ಎಂದೇ ಅರ್ಥ.

ಆಯ್ಕೆಗೂ ಒಂದು ಕ್ರಮವಿದೆ. ಮೊದಲು ಕೆಲಸ ಯಾವುದೆಂದು ನಿಶ್ಚಯಿಸಬೇಕು. ತಂಗಿಗೆ ಬೇಕಾದದ್ದು ಪ್ರೋಗ್ರಾಮಿಂಗ್ ಕಲಿಯಲು, ಪಾಠ ನೋಡಲು, ಪ್ರಾಜೆಕ್ಟ್ ಬರೆಯಲು. ಆದ್ದರಿಂದ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಡ. ಚಿತ್ರ ಮೂಡಿಸುವ ಶಕ್ತಿಯನ್ನೂ ತನ್ನೊಳಗೇ ಹೊಂದಿದ ಪ್ರೊಸೆಸರ್ ಸಾಕು. ಪ್ರೊಸೆಸರಿಗೆ ಹೊಂದುವ ಸಾಕೆಟ್ಟಿನ ಮದರ್‌ಬೋರ್ಡು, ಮದರ್‌ಬೋರ್ಡಿಗೆ ಹೊಂದುವ ರ‍್ಯಾಮ್. ಡಿಡಿಆರ್4 ಪಟ್ಟಿಯನ್ನು ಡಿಡಿಆರ್5 ಜಾಗದಲ್ಲಿ ಕೂರಿಸಲಾಗದು. ಅವುಗಳ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಸಂಗ್ರಹಕ್ಕೆ ತಿರುಗುವ ತಟ್ಟೆಯಿಲ್ಲದ ಎಸ್ಎಸ್‌ಡಿ. ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ಟನ್ನು ಅಂಗಡಿಯವರು ಮುಂದೆ ಇಟ್ಟರೂ ಯುವಕ ಸಾದಾ ಪೆಟ್ಟಿಗೆಯನ್ನೇ ಆರಿಸಿದ. ಉಳಿದ ಹಣವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ, ಅಂದರೆ ಮನೆಯ 230 ವೋಲ್ಟ್ ವಿದ್ಯುತ್ತನ್ನು ಯಂತ್ರಕ್ಕೆ ತಕ್ಕಂತೆ ಇಳಿಸಿಕೊಡುವ ಭಾಗಕ್ಕೆ ಹಾಕಿದ. ಅಂಗಡಿಯಲ್ಲೇ ಎಲ್ಲವನ್ನೂ ಜೋಡಿಸಿ ಪರೀಕ್ಷಿಸಿ, ಬಿಲ್ಲು ಬರೆಸಿಕೊಂಡು ರಾತ್ರಿ ಬಸ್ಸು ಹಿಡಿದ.

ಮರುದಿನ ಗೆಳೆಯನ ಮನೆಯ ನಡುಮನೆಯಲ್ಲಿ ಹಬ್ಬದ ವಾತಾವರಣ. ತಂಗಿ ತಾನೇ ರ‍್ಯಾಮ್ ಕೂರಿಸಿದಳು, ತಿರುಪು ಬಿಗಿದಳು. ಪರದೆ ಬೆಳಗಿದಾಗ ಎಲ್ಲರ ಮುಖವೂ ಬೆಳಗಿತು. ಅಷ್ಟರಲ್ಲಿ ಬರಿಗಾಲಲ್ಲಿ ನಿಂತು ಪೆಟ್ಟಿಗೆಗೆ ಕುಂಕುಮ ಹಚ್ಚಲು ಹೋದ ತಾಯಿ ಕೈ ಹಿಂದಕ್ಕೆಳೆದುಕೊಂಡರು. ‘ಅಯ್ಯೋ, ಜುಮ್ ಅಂತದಲ್ಲಪ್ಪ!’

ಟೆಸ್ಟರ್ ಇಟ್ಟು ನೋಡಿದರೆ ಪೆಟ್ಟಿಗೆಯ ಮೈಯಲ್ಲೇ ದೀಪ ಹತ್ತಿತು. ತಂದೆಯ ಮುಖ ಬಾಡಿತು. ‘ಈ ಡಬ್ಬಿ ನಮಗೆ ಬ್ಯಾಡ ಕಣಪ್ಪ. ಮಗಳ ಜೀವಕ್ಕಿಂತ ಇದು ದೊಡ್ಡದಲ್ಲ. ವಾಪಸ್ ಕೊಟ್ಟು ಬಾ’ ಎಂದರು. ಗೆಳೆಯ ಏನೂ ಮಾತಾಡಲಿಲ್ಲ. ಆ ಮೌನವೇ ಯುವಕನಿಗೆ ಹೆಚ್ಚು ಚುಚ್ಚಿತು. ತಾನು ಆರಿಸಿದ ಎಸ್‌ಎಂಪಿಎಸ್ಸೇ ಕೆಟ್ಟದ್ದಿರಬಹುದೆ?

ಆದರೆ ಅಂಗಡಿಯಲ್ಲಿ ಇದೇ ಪೆಟ್ಟಿಗೆಯನ್ನು ಗಂಟೆಗಟ್ಟಲೆ ಮುಟ್ಟಿದ್ದಾಗ ಏನೂ ಆಗಿರಲಿಲ್ಲ. ಬದಲಾದದ್ದು ಯಂತ್ರವಲ್ಲ, ಮನೆ. ಯುವಕ ಸ್ವಿಚ್ ಆರಿಸಿ, ಊರಿನ ಎಲೆಕ್ಟ್ರಿಷಿಯನ್ ಅವರನ್ನು ಕರೆತಂದ. ಅವರು ಫೇಸ್ ಮತ್ತು ಅರ್ತ್ ನಡುವೆ ಬಲ್ಬು ಹಿಡಿದು ನೋಡಿದರು. ಅದು ಮಿಣುಕಲೂ ಇಲ್ಲ. (ಇದು ಬಲ್ಲವರ ಕೆಲಸ, ಮಕ್ಕಳು ಎಂದಿಗೂ ಮಾಡಬಾರದು.) ಅರ್ತ್ ತಂತಿ ಇತ್ತು, ಹಿತ್ತಲಲ್ಲಿ ಹೂತ ಪೈಪೂ ಇತ್ತು. ಅದರ ಸುತ್ತಲ ಮಣ್ಣು ಮಾತ್ರ ಒಣಗಿ ಕಲ್ಲಾಗಿತ್ತು.

ಇದರ ವಿಜ್ಞಾನ ಸರಳ. ವಿದ್ಯುತ್ತಿನ ಗಲಿಬಿಲಿಯನ್ನು ಸೋಸಲು ಎಸ್‌ಎಂಪಿಎಸ್ ಒಳಗೆ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಲೋಹದ ಮೈಗೆ ಸೇರಿರುತ್ತವೆ. ಅರ್ತ್ ಸರಿಯಿದ್ದರೆ ಅವುಗಳಿಂದ ಸೋರುವ ಅಲ್ಪ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯ ಮೈ 230ರ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಪ್ರವಾಹ ಬಲು ಸಣ್ಣದಾದ್ದರಿಂದ ಬರಿಯ ಜುಮ್ಮೆನಿಸುತ್ತದೆ. ಆದರೆ ಯಾವುದಾದರೂ ಯಂತ್ರ ನಿಜವಾಗಿ ಕೆಟ್ಟು ಫೇಸ್ ತಂತಿ ಮೈಗೆ ತಾಗಿದ ದಿನ, ಅದೇ ಮನೆಯಲ್ಲಿ ಪ್ರಾಣಕ್ಕೇ ಕುತ್ತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ನು ಉದ್ದವಾಗಿರುವುದೂ ಇದಕ್ಕೇ. ಅದು ಎಲ್ಲಕ್ಕಿಂತ ಮೊದಲು ಕೂಡಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು.

ಬಚ್ಚಲ ನೀರು ಹರಿಯುವ ತೋಟದ ಅಂಚಿನಲ್ಲಿ ಹೊಸ ಗುಂಡಿ ತೋಡಿದರು. ಎರಡೂವರೆ ಮೀಟರಿನ ಜಿ.ಐ. ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ ನೀರು ಹೊಯ್ದರು. ನೀರಿನಲ್ಲಿ ಕರಗಿದ ಉಪ್ಪಿನ ಅಯಾನುಗಳೇ ಮಣ್ಣಿನಲ್ಲಿ ವಿದ್ಯುತ್ತಿಗೆ ದಾರಿ. ನೀರಿಲ್ಲದ ಉಪ್ಪು ಬರಿಯ ಉಪ್ಪು. ಸೋರಿಕೆ ಕಂಡೊಡನೆ ಲೈನು ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿದರು. ಮತ್ತೆ ಟೆಸ್ಟರ್ ಇಟ್ಟಾಗ ಪೆಟ್ಟಿಗೆಯ ಮೈಯಲ್ಲಿ ದೀಪ ಹತ್ತಲಿಲ್ಲ.

ಎಲೆಕ್ಟ್ರಿಷಿಯನ್ ಹೊರಡುವಾಗ ಹೇಳಿದ್ದು ಒಂದೇ ಮಾತು: ‘ಕಂಪ್ಯೂಟರ್ ಇಲ್ಲದಿದ್ದರೂ ಇದು ಬೇಕಾಗಿತ್ತು ಯಜಮಾನ್ರೇ. ನಿಮ್ಮ ಮಿಕ್ಸಿ, ಗೀಸರ್, ಮೋಟಾರು ಎಲ್ಲ ಇಷ್ಟು ವರ್ಷ ದೇವರ ಮೇಲೆ ಭಾರ ಹಾಕಿ ನಡೆದಿದ್ದವು.’

ಹೊಸ ಕಂಪ್ಯೂಟರು ತರುವ ಮನೆಗಳು ಪ್ರೊಸೆಸರ್ ಯಾವುದೆಂದು ಕೇಳುವ ಮೊದಲು ಅರ್ತ್ ಹೇಗಿದೆ ಎಂದು ಕೇಳುವುದು ಒಳ್ಳೆಯದು. ಅದರಲ್ಲೂ ಬೇಸಿಗೆಯಲ್ಲಿ ನೆಲ ಬಿರಿಯುವ ದುರ್ಗದ ಸೀಮೆಯಲ್ಲಿ.

ಹೊಳಲ್ಕೆರೆಯ ಆ ಮನೆಯಲ್ಲಿ ತಂಗಿ ಈಗ ರಾತ್ರಿ ಹತ್ತರವರೆಗೆ ಪ್ರೋಗ್ರಾಂ ಬರೆಯುತ್ತಾಳೆ. ತಾಯಿ ಬೇಸಿಗೆಯಲ್ಲಿ ತುಳಸಿಕಟ್ಟೆಗೆ ನೀರೆರೆದ ಮೇಲೆ, ಒಂದು ಕೊಡ ನೀರನ್ನು ತೋಟದ ಅಂಚಿನ ಆ ಪೈಪಿನ ಬುಡಕ್ಕೂ ಹೊಯ್ದು ಬರುತ್ತಾರೆ.