ಸುಲ್ತಾನ್‌ಪಾಳ್ಯದ ಮೊಸಳೆ

ಕಲಾ ಪ್ರದರ್ಶನಕ್ಕೆ ಒಬ್ಬರೇ ಹೋಗಬೇಕು ಎನ್ನುವವರಿದ್ದಾರೆ. ಕೈ ಹಿಂದೆ ಕಟ್ಟಿಕೊಂಡು, ತಲೆ ತುಸು ಓರೆ ಮಾಡಿ, ಉಸಿರು ಕೇಳಿಸದಂತೆ ನೋಡಬೇಕಂತೆ. ನನಗೆ ಆ ಶಿಸ್ತು ಒಗ್ಗಲಿಲ್ಲ. ಮಾತಾಡದೆ ನೋಡಿದ್ದು ನೋಡಿದ ಲೆಕ್ಕಕ್ಕೇ ಬರುವುದಿಲ್ಲ ಎನ್ನುವ ಪಂಗಡದವನು ನಾನು. ಅದಕ್ಕೇ ಹೋಗುವುದಿದ್ದರೆ ದಂಡು ಕಟ್ಟಿಕೊಂಡೇ ಹೋಗುತ್ತೇನೆ.

ದಂಡು ಅಂದರೆ ಮೂರೇ ಜನ. ಒಬ್ಬ ಆಡಿಟರ್. ಯಾವ ಕೃತಿಯ ಮುಂದೆ ನಿಲ್ಲಿಸಿದರೂ ಅವನ ಮೊದಲ ಪ್ರಶ್ನೆ, "ಇದಕ್ಕೆ ಎಷ್ಟು ಬಿದ್ದಿರಬಹುದು?" ಇನ್ನೊಬ್ಬ ಸೆಲ್ಫಿ ಪ್ರವೀಣ. ಅವನು ಕಲೆಗೆ ಬೆನ್ನು ಹಾಕಿಯೇ ಕಲೆಯನ್ನು ನೋಡುವವನು. ಮೂರನೆಯವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಮ್ಮ ಪೈಕಿ ಕಲೆಯ ಗಂಧಗಾಳಿ ಇರುವವರು ಅವರೊಬ್ಬರೇ ಆದ್ದರಿಂದ ಅವರ ಮಾತನ್ನು ಯಾರೂ ಕೇಳುವುದಿಲ್ಲ.

ಈ ದಂಡನ್ನು ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಗೂ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೂ ಕರೆದೊಯ್ದಿದ್ದೇನೆ. ಎರಡೂ ಕಡೆ ಕಾವಲಿನವರು ನಮ್ಮ ಹಿಂದೆಯೇ ಸುತ್ತುತ್ತಾರೆ. ತೈಲಚಿತ್ರವಾದರೆ ಹೇಗೋ ಸುಧಾರಿಸಬಹುದು, ಚೌಕಟ್ಟಿದೆ, ಎಲ್ಲಿಂದ ಎಲ್ಲಿಯವರೆಗೆ ನೋಡಬೇಕೆಂದು ಗೊತ್ತಾಗುತ್ತದೆ. ತೊಂದರೆ ಬರುವುದು ಪ್ರತಿಷ್ಠಾಪನ ಕಲೆಯ ಹತ್ತಿರ. ಮೂಲೆಯಲ್ಲಿಟ್ಟ ಬಕೆಟ್ಟು ಕೃತಿಯೋ, ನೆಲ ಒರೆಸುವವರು ಮರೆತು ಹೋದದ್ದೋ? ಕೇಳಿದರೆ ಮರ್ಯಾದೆ ಹೋಗುತ್ತದೆ, ಕೇಳದಿದ್ದರೆ ನಿದ್ದೆ ಬರುವುದಿಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. 2001ರಲ್ಲಿ ಲಂಡನ್ನಿನ ಗ್ಯಾಲರಿಯೊಂದರಲ್ಲಿ ಡೇಮಿಯನ್ ಹರ್ಸ್ಟ್ ಎಂಬ ದೊಡ್ಡ ಹೆಸರಿನ ಕಲಾವಿದ ಖಾಲಿ ಬಿಯರ್ ಬಾಟಲಿ, ಕಾಫಿ ಕಪ್ಪು, ಸಿಗರೇಟಿನ ತುಂಡು ತುಂಬಿದ ಆಶ್‌ಟ್ರೇ, ಹಳೇ ಪೇಪರು ಎಲ್ಲ ಜೋಡಿಸಿ ಕೃತಿಯೊಂದನ್ನು ಮಾಡಿದ್ದ. ಬೆಳಗ್ಗೆ ಬಂದ ಕಸ ಗುಡಿಸುವವನು ರಾತ್ರಿಯ ಪಾರ್ಟಿಯ ಗಲೀಜು ಅಂದುಕೊಂಡು ಎಲ್ಲವನ್ನೂ ಚೀಲಕ್ಕೆ ತುಂಬಿ ಸಾಗಿಸಿಬಿಟ್ಟ. ಆಮೇಲೆ ಕಸದಿಂದ ಹೆಕ್ಕಿ, ಫೋಟೊ ನೋಡಿಕೊಂಡು ಮತ್ತೆ ಜೋಡಿಸಬೇಕಾಯಿತು. ಕಲಾವಿದ ಮಾತ್ರ ಕೋಪ ಮಾಡಿಕೊಳ್ಳದೆ ಬಿದ್ದು ಬಿದ್ದು ನಕ್ಕನಂತೆ.

ಮೇಷ್ಟ್ರು ಈ ಕಥೆಯನ್ನು ಪೂರ್ತಿಯಾಗಿ ಹೇಳಿದ್ದು 2015ರ ಜೂನಿನಲ್ಲಿ, ನಾವು ಮೊಸಳೆ ನೋಡಲು ಹೋಗುತ್ತಿದ್ದಾಗ.

ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯ ಗುಂಡಿಯಲ್ಲಿ ಮೊಸಳೆ ಮಲಗಿದೆ ಎಂದು ಊರೆಲ್ಲ ಸುದ್ದಿಯಾಗಿತ್ತು. ಅದು ಫೈಬರ್ ಮೊಸಳೆ. ಮಲಗಿಸಿದವರು ಬಾದಲ್ ನಂಜುಂಡಸ್ವಾಮಿ, ಮೈಸೂರಿನ ಕಾವಾದಲ್ಲಿ ಕಲಿತ ಕಲಾವಿದರು. ನೀರಿನ ಪೈಪು ಒಡೆದು ಸುಮಾರು 12 ಅಡಿ ಬಾಯಿ ತೆರೆದುಕೊಂಡಿದ್ದ ಗುಂಡಿ ಮುಚ್ಚುವವರಿಲ್ಲದೆ ಕೆರೆಯಾಗಿತ್ತು. ಕೆರೆ ಅಂದಮೇಲೆ ಅದರಲ್ಲೊಂದು ಪ್ರಾಣಿ ಇರಲಿ ಎಂದು ಅವರು ತಮ್ಮ ಕೈಯಿಂದ ದುಡ್ಡು ಹಾಕಿ ಮೊಸಳೆ ಮಾಡಿ ತಂದು ಬಿಟ್ಟಿದ್ದರು.

"ಅಲ್ಲಯ್ಯಾ, ಗುಂಡಿ ನೋಡೋಕೆ ಜಯನಗರದಿಂದ ಆರ್.ಟಿ. ನಗರದ ತನಕ ಪೆಟ್ರೋಲ್ ಸುಡಬೇಕಾ? ನಮ್ಮನೆ ಗೇಟಿನ ಮುಂದೇನೇ ಇದೆಯಲ್ಲ!" ಎಂದು ಆಡಿಟರ್ ತಕರಾರು ತೆಗೆದ.

"ನಿನ್ನ ಗುಂಡೀಲಿ ಮೊಸಳೆ ಇಲ್ಲವಲ್ಲಪ್ಪ" ಅಂದ ಪ್ರವೀಣ. ಆ ಮಾತಿಗೆ ಎದುರಾಡುವಂತಿರಲಿಲ್ಲ. ಹೊರಟೆವು.

ದಾರಿಯಲ್ಲಿ ಒಂದು ಕಡೆ ಮ್ಯಾನ್‌ಹೋಲಿನ ಮುಚ್ಚಳ ಹೋಗಿತ್ತು. ಯಾರೋ ಪುಣ್ಯಾತ್ಮರು ಅದರೊಳಗೆ ಹೊಂಗೆ ಟೊಂಗೆಯೊಂದನ್ನು ಸಿಕ್ಕಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ, ಸುತ್ತ ಹಳೇ ಟೈರು ಇಟ್ಟಿದ್ದರು. ಮೇಷ್ಟ್ರು ಕಾರು ನಿಧಾನ ಮಾಡಿಸಿದರು. "ನೋಡ್ರಯ್ಯಾ ಇಲ್ಲಿ. ಜಾಗ ಇದೆ, ವಸ್ತು ಇದೆ, ಉದ್ದೇಶ ಇದೆ, ನೋಡಿದವನ ಎದೆ ಝಲ್ ಅನ್ನುತ್ತೆ. ಇನ್ನೇನು ಬೇಕು? ಬಳ್ಳಿಗಾವೆಯ ದಾಸೋಜ ಬೇಲೂರಲ್ಲಿ ಮದನಿಕೆ ಕೆತ್ತಿ ಕೆಳಗೆ ಹೆಸರಾದರೂ ಹಾಕಿಕೊಂಡ. ಈ ಮಹಾನುಭಾವ ಅದನ್ನೂ ಮಾಡಿಲ್ಲ." ಹಿಂದಿನ ಬಸ್ಸಿನವನು ಹಾರ್ನ್ ಹೊಡೆದದ್ದರಿಂದ ವಿಮರ್ಶೆ ಅಲ್ಲಿಗೇ ನಿಂತಿತು.

ಸುಲ್ತಾನ್‌ಪಾಳ್ಯದಲ್ಲಿ ಮೊಸಳೆಗಿಂತ ಮೊದಲು ಕಂಡದ್ದು ಜನ. ಸಂದಿಯಲ್ಲಿ ತೂರಿ ಮುಂದೆ ಹೋದೆವು. ಬೆನ್ನ ಮೇಲಿನ ಗರಗಸದಂಥ ಸಾಲು, ಕೆಸರು ಮೆತ್ತಿದ ಹಸಿರು, ಅರ್ಧ ತೆರೆದ ಬಾಯಿ, ಎಲ್ಲ ಎಷ್ಟು ಚೊಕ್ಕಟವಾಗಿದ್ದವೆಂದರೆ, ಗೊತ್ತಿದ್ದೂ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯಿತು. ನೀರಿಗೂ ಪಾಚಿಯ ಬಣ್ಣ. ಅದರ ಮೇಲೆ ಒಂದು ಪ್ಲಾಸ್ಟಿಕ್ ಲೋಟ ತೇಲುತ್ತಿತ್ತು. ಅದು ಕೃತಿಯ ಭಾಗವೋ ಪ್ರೇಕ್ಷಕರ ಕಾಣಿಕೆಯೋ ತಿಳಿಯಲಿಲ್ಲ. ಹುಡುಗನೊಬ್ಬ ಕಡಲೆಕಾಯಿ ಎಸೆದು ಮೊಸಳೆ ಬಾಯಿ ಆಡಿಸುತ್ತದೋ ನೋಡುತ್ತಿದ್ದ. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ನನ್ನನ್ನೇ ಕೇಳಿದರು: "ಇದನ್ನ ಯಾವಾಗ ತಗೊಂಡ್ ಹೋಗ್ತಾರಪ್ಪ?"

"ಗುಂಡಿ ಮುಚ್ಚಿದ ಮೇಲೆ ಅಜ್ಜಿ."

"ಹಂಗಾದ್ರೆ ಇಲ್ಲೇ ಇರುತ್ತೆ ಬಿಡು" ಎಂದು ಅವರು ನಡೆದರು.

ಅಷ್ಟು ಹೊತ್ತಿನಲ್ಲಿ ನನಗೆ ಕಂಡದ್ದು ಇನ್ನೊಂದು. ಗ್ಯಾಲರಿಯಲ್ಲಿ ಜನ ಕೃತಿಯ ಮುಂದೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡವರು ಒಬ್ಬರೂ ಇರಲಿಲ್ಲ. ಕನ್ನಡ, ಉರ್ದು, ತಮಿಳು, ಎಲ್ಲದರಲ್ಲೂ ಟೀಕೆ ಟಿಪ್ಪಣಿ ಏರಿದ ದನಿಯಲ್ಲೇ ನಡೆದಿತ್ತು. ಬಾಲ ಇನ್ನಷ್ಟು ಉದ್ದ ಇರಬೇಕಿತ್ತು ಎಂದು ಒಬ್ಬರು, ಎರಡು ಮರಿ ಬಿಟ್ಟಿದ್ದರೆ ಕಳೆ ಬರುತ್ತಿತ್ತು ಎಂದು ಇನ್ನೊಬ್ಬರು. "ಇದರ ಅರ್ಥ ಏನು?" ಎಂದು ಕೇಳಿದವರು ಮಾತ್ರ ಯಾರೂ ಇಲ್ಲ. ಪಕ್ಕದಲ್ಲಿ ಆಟೊ ನಿಲ್ಲಿಸಿಕೊಂಡಿದ್ದವನು ಹೇಳಿದ: "ಇದೇ ಗುಂಡೀಲಿ ನನ್ನ ಆಟೊ ಆ್ಯಕ್ಸಲ್ ಹೋಯ್ತು ಸಾರ್. ಆವತ್ತು ಒಬ್ರೂ ನೋಡೋಕ್ ಬರ್ಲಿಲ್ಲ."

ಹಿಂತಿರುಗುವಾಗ ದರ್ಶಿನಿಯೊಂದರಲ್ಲಿ ಬೈಟು ಕಾಫಿಗೆ ನಿಂತೆವು. ಪೇಪರಿನಲ್ಲಿ ಮೊಸಳೆಯ ತೂಕ 20 ಕೆಜಿ, ಖರ್ಚು ಸುಮಾರು 6,000 ರೂಪಾಯಿ ಎಂದಿತ್ತು. ಆಡಿಟರಿಗೆ ಅಷ್ಟೇ ಸಾಕು. "ಕೆಜಿಗೆ 300 ರೂಪಾಯಿ. ವಾಜ್ಬಿ ರೇಟು" ಎಂದು ಕಲಾವಿಮರ್ಶೆ ಮುಗಿಸಿದ.

ಆ ಲೆಕ್ಕ ಅವನ ತಲೆಯಿಂದ ಇಳಿದೇ ಇಲ್ಲ. ಇಟಲಿಯ ಮಾರಿಜಿಯೊ ಕ್ಯಾಟೆಲಾನ್ 2019ರಲ್ಲಿ ಗೋಡೆಗೆ ಟೇಪು ಹಾಕಿ ಅಂಟಿಸಿದ ಬಾಳೆಹಣ್ಣು 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 62 ಲಕ್ಷ ಡಾಲರಿಗೆ ಹೋಯಿತಲ್ಲ, ಆ ರಾತ್ರಿಯೇ ಫೋನ್ ಮಾಡಿದ. "ಹಣ್ಣು ಕಾಲು ಕೆಜಿನೂ ಬರಲ್ಲ ಕಣೋ! ನಮ್ಮ ಮೊಸಳೆ ಧರ್ಮಕ್ಕೆ ಸಿಕ್ಕಿದ ಹಾಗೆ!" ಕೊಂಡವನು ಕೆಲವೇ ದಿನದಲ್ಲಿ ಆ ಹಣ್ಣನ್ನು ಸುಲಿದು ತಿಂದ ಎಂದು ಗೊತ್ತಾದಾಗ ಅವನು ಮಾತು ನಿಲ್ಲಿಸಿದ. ಸವಕಳಿಯನ್ನು ಯಾವ ಕಾಲಮ್ಮಿಗೆ ಹಾಕುವುದೆಂದು ಯೋಚಿಸುತ್ತಿದ್ದನೋ ಏನೋ.

ಇನ್ನು ಮೊಸಳೆಯ ಗತಿ. ಸುದ್ದಿಯಾದ ಬೆನ್ನಲ್ಲೇ ಗುಂಡಿ ಮುಚ್ಚುವವರು ಬಂದರು. ಅರ್ಜಿಗೆ ಬಗ್ಗದ ವ್ಯವಸ್ಥೆ ಮೊಸಳೆಗೆ ಬಗ್ಗಿತು. ಮೇಷ್ಟ್ರು ಇದನ್ನು ಬೇರೆಯೇ ರೀತಿ ನೋಡುತ್ತಾರೆ. ನಮ್ಮ ಕಾವ್ಯಮೀಮಾಂಸೆಯವರು ಸಹೃದಯ ಸಹೃದಯ ಎಂದು ಹುಡುಕಿದರಲ್ಲ, ಕೃತಿಯನ್ನು ಕಂಡು ಯಾರ ಹೃದಯ ಕರಗುತ್ತದೋ ಅವನು, ಈ ಪ್ರಕರಣದಲ್ಲಿ ಅವನು ವಾರ್ಡಿನ ಇಂಜಿನಿಯರ್. ನಾವೆಲ್ಲ ನೋಡಿ, ನಕ್ಕು, ಫೋಟೊ ಹಿಡಿದು ಬಂದೆವು. ಆತ ಒಬ್ಬನೇ ನೋಡಿ ಜಲ್ಲಿ ತರಿಸಿದ. ಮಿಕ್ಕ ಕಲಾವಿದರು ತಮ್ಮ ಕೃತಿ ನೂರಾರು ವರ್ಷ ಉಳಿಯಲಿ ಎಂದು ಹರಕೆ ಹೊರುತ್ತಾರೆ. ಈ ಕೃತಿ ಒಂದು ವರ್ಷ ಉಳಿದಿದ್ದರೂ ಸೋತಂತೆ.

ಅಲ್ಲಿಂದಾಚೆ ಇದಕ್ಕೊಂದು ಪರಂಪರೆಯೂ ಬೆಳೆಯಿತು. 2017ರ ಅಕ್ಟೋಬರಿನಲ್ಲಿ ಕಾಮರಾಜ ರಸ್ತೆಯ ಗುಂಡಿಯಲ್ಲಿ ಮತ್ಸ್ಯಕನ್ಯೆ ಕುಳಿತಳು, ನಟಿ ಸೋನು ಗೌಡ ಆ ವೇಷ ಹಾಕಿದ್ದರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಚಂದ್ರನ ನೆಲ ಮುಟ್ಟುವುದನ್ನು ದೇಶವೆಲ್ಲ ಕಾಯುತ್ತಿದ್ದಾಗ, ತುಂಗಾನಗರದ ರಸ್ತೆಯಲ್ಲಿ ಗಗನಯಾತ್ರಿಯ ದಿರಿಸು ತೊಟ್ಟ ಪೂರ್ಣಚಂದ್ರ ಮೈಸೂರು ತೇಲುತೇಲುತ್ತ ಹೆಜ್ಜೆ ಹಾಕಿದರು. ವೀಡಿಯೊದಲ್ಲಿ ಕುಳಿಗಳ ನಡುವೆ ನಡೆಯುವವರನ್ನು ಕಂಡು ಚಂದ್ರಲೋಕವೇ ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲೇ ಆಟೊ ಹಾದುಹೋಗುತ್ತದೆ. ಮೊದಲು ಸರೀಸೃಪ, ಆಮೇಲೆ ಅರ್ಧ ಮೀನು ಅರ್ಧ ಮನುಷ್ಯ, ಕೊನೆಗೆ ಚಂದ್ರನ ಮೇಲೆ ನಡೆಯುವ ಮಾನವ. ಡಾರ್ವಿನ್ ಹೇಳಿದ್ದು ಬೆಂಗಳೂರಿನ ಗುಂಡಿಗಳಲ್ಲಿ ನಾಲ್ಕೇ ವರ್ಷದಲ್ಲಿ ನಡೆದುಹೋಯಿತು.

ಹುಮ್ಮಸ್ಸು ಅಂಟುರೋಗ. ಆಡಿಟರನ ಗೇಟಿನ ಮುಂದಿನ ಗುಂಡಿಗೆ ನಾವೇ ಏನಾದರೂ ಮಾಡಬೇಕೆಂದು ಒಂದು ಭಾನುವಾರ ಸೇರಿದೆವು. ಮೇಷ್ಟ್ರು ಆಮೆ ಎಂದರು, ರಸ್ತೆ ಕಾಮಗಾರಿಯ ವೇಗಕ್ಕೆ ಅದೇ ಹೊಂದುತ್ತದಂತೆ. ಪ್ರವೀಣನಿಗೆ ನೀರ್ಗುದುರೆ ಬೇಕು, ಫ್ರೇಮ್ ತುಂಬುತ್ತದೆ. ಆಡಿಟರ್ ಯಾವ ಪ್ರಾಣಿಯಾದರೂ ಸರಿ, ಮೂರು ಕೊಟೇಷನ್ ತರಿಸದೆ ಒಂದು ರೂಪಾಯಿ ಬಿಚ್ಚುವುದಿಲ್ಲ ಎಂದು ಕೂತ. ಆಮೆಯ ವರದಿ ಸಿದ್ಧಪಡಿಸಲು ಮೇಷ್ಟ್ರನ್ನೂ, ನೀರ್ಗುದುರೆಯ ಸಾಧ್ಯಾಸಾಧ್ಯತೆ ಪರಿಶೀಲಿಸಲು ಪ್ರವೀಣನನ್ನೂ ನೇಮಿಸಿ, ನಡವಳಿ ಬರೆಯುವ ಕೆಲಸ ನನಗೆ ವಹಿಸಿ, ಬಿಸಿ ಬೋಂಡ ತಿಂದು ಸಭೆಯನ್ನು ಮುಂದೂಡಲಾಯಿತು. ಕಲಾವಿದರಾಗಲೆಂದು ಕೂತವರು ಏಳುವಷ್ಟರಲ್ಲಿ ಪಾಲಿಕೆಯ ಸ್ಥಾಯಿ ಸಮಿತಿಯಾಗಿದ್ದೆವು.