ಒಂದು ಕೆಂಪು ಚುಕ್ಕೆ

ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಎರಡು ವಿಷಯಗಳ ಚರ್ಚೆ ಎಂದೂ ಮುಗಿಯುವುದಿಲ್ಲ. ಒಂದು ಎ.ಟಿ.ಕೆ.ಟಿ., ಇನ್ನೊಂದು ಬಾಸ್ಕೆಟ್‌ಬಾಲ್. ಮುಂಬಯಿ ಎಂದರೆ ಕ್ರಿಕೆಟ್ ಎಂದು ನೀವೆಲ್ಲ ಹೇಳುತ್ತೀರಿ. ಇರಲಿ. ಆದರೆ ಅಂತರ ಕಾಲೇಜು ಪಂದ್ಯಗಳು ಬಂದವೆಂದರೆ ನಮ್ಮಲ್ಲಿ ಚಹಾ ಆರಿಹೋದರೂ ಮಾತು ಆರುವುದಿಲ್ಲ. ನಮ್ಮ ಎದುರಾಳಿ ರೈಲು ಹಳಿಯ ಆಚೆ ಬದಿಯ ಕಾಲೇಜು. ಅವರ ಹೆಸರನ್ನು ನಾವು ಹೇಳುವುದೇ ಇಲ್ಲ, 'ಆಚೆಯವರು' ಎಂದರೆ ಸಾಕು.

"ಆಚೆಯವರು ಫೀಸು ಮಾಫಿ ಮಾಡಿ ಆಟಗಾರರನ್ನು ಎಳ್ಕೊಳ್ತಾರೆ" ಎನ್ನುತ್ತಾನೆ ಒಬ್ಬ. "ನಮ್ಮವರು ಮಾತ್ರ ಮೆರಿಟ್ ಮೇಲೆ ಬಂದವರಾ?" ಎಂದು ಇನ್ನೊಬ್ಬ. ಎತ್ತರ ಮುಖ್ಯವೋ ಓಟ ಮುಖ್ಯವೋ ಎಂಬ ವಾದ ಡೊಂಬಿವ್ಲಿ ಲೋಕಲ್ಲಿನವರೆಗೂ ನಡೆಯುತ್ತದೆ. "ಇಷ್ಟೆಲ್ಲ ಕೂಗಾಡಿ ಸಿಕ್ಕಿದ್ದೇನು? ಒಲಿಂಪಿಕ್ಸಿನಲ್ಲಿ ನಮ್ಮ ಪುರುಷರ ತಂಡ ಆಡಿದ್ದು ಒಂದೇ ಸಲ, 1980ರಲ್ಲಿ, ಮಾಸ್ಕೋದಲ್ಲಿ. ಅಲ್ಲೂ ಒಂದು ಪಂದ್ಯ ಗೆಲ್ಲಲಿಲ್ಲ" ಎಂದು ಕ್ರಿಕೆಟ್ಟಿನವರು ಛೇಡಿಸುವುದೂ ಉಂಟು. ಆಗ ಮಾತ್ರ ನಾವೂ ಆಚೆಯವರೂ ಒಂದಾಗಿ ಅವರ ಮೇಲೆ ಬೀಳುತ್ತೇವೆ.

ಈ ಜಗಳದಲ್ಲಿ ಒಂದು ತಮಾಷೆ ಇದೆ. ನಮ್ಮ ತಂಡದ ಇಬ್ಬರು, ಆಚೆಯವರ ಮೂವರು ಒಂದೇ ಕಡೆ ಆಟ ಕಲಿತವರು: ಮುಂಬಯಿ ಸೆಂಟ್ರಲ್ ಪಕ್ಕದ ನಾಗಪಾಡಾದಲ್ಲಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ನೈಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆದು ಶುರುಮಾಡಿದ ಆಟವಿದು. ನಾಗಪಾಡಾದಲ್ಲಿ 1920ರ ದಶಕದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಪಾದ್ರಿ 'ನೇಬರ್‌ಹುಡ್ ಹೌಸ್' ಕಟ್ಟಿದರು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಆರಂಭವಾದದ್ದೂ ಅದೇ ಮನೆಯಲ್ಲಿ. ಇಕ್ಕಟ್ಟಾದ ಗಲ್ಲಿಗಳ ಆ ಮೊಹಲ್ಲಾದಲ್ಲಿ ಕ್ರಿಕೆಟ್ಟಿಗೆ ಜಾಗ ಸಾಲದು, ಬಾಸ್ಕೆಟ್‌ಬಾಲಿಗೆ ಸಾಕು. ಭಾರತ ತಂಡದ ನಾಯಕರಾಗಿದ್ದ, 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸೀರ್ ಅಲ್ಲಿಂದಲೇ ಬಂದವರು. ಆಟದ ಬಲದಿಂದ ನೌಕರಿ ಹಿಡಿಯುವ ಆಸೆಯಲ್ಲಿ ಅಲ್ಲಿನ ಹುಡುಗರು ಈಗಲೂ ಚೆಂಡು ಬಡಿಯುತ್ತಾರೆ.

ಆಚೆಯವರ ಹನ್ನೊಂದನೇ ನಂಬರಿನವನೂ ಅಲ್ಲಿಯೇ ಕಲಿತವನು. ಆದರೆ ಅವನು ನಮ್ಮವನು! ಏಳನೆಯ ತರಗತಿಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂತಿದ್ದ. ನಮ್ಮ ಶಾಲೆಯಲ್ಲಿ ಆಟದ ಬುಟ್ಟಿ ಹಾಗಿರಲಿ, ಕಸದ ಬುಟ್ಟಿಯೂ ಸರಿಯಾಗಿರಲಿಲ್ಲ. ಅವನ ಅಪ್ಪ ಮುಂಬಯಿ ಸೆಂಟ್ರಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶಿಗೆ ಕೂತರು, ಮನೆಯೂ ಆ ಕಡೆಗೆ ಹೋಯಿತು. ನಾಗಪಾಡಾ ನಡೆದು ಹೋಗುವಷ್ಟು ಹತ್ತಿರ. ಹಾಗೆ ಅವನು ಆಟಗಾರನಾದ. ನಾನು ಕಾಮರ್ಸ್ ಸೇರಿ, ಲೆಕ್ಕ ಬರುತ್ತದೆಂಬ ಒಂದೇ ಕಾರಣಕ್ಕೆ ನಮ್ಮ ತಂಡದ ಸ್ಕೋರರ್ ಆದೆ.

ಸ್ಕೋರ್ ಶೀಟು ನಮ್ಮ ಖಾತೆ ಪುಸ್ತಕದ ತಮ್ಮನೇ ಸರಿ. ಒಂದನೇ ಮತ್ತು ಮೂರನೇ ಪಾದಕ್ಕೆ ಕೆಂಪು ಶಾಯಿ, ಎರಡನೇ ಮತ್ತು ನಾಲ್ಕನೆಯದಕ್ಕೆ ನೀಲಿ ಇಲ್ಲವೆ ಕಪ್ಪು. ಬುಟ್ಟಿಗೆ ಚೆಂಡು ಬಿದ್ದರೆ ಅಂಕದ ಮೇಲೆ ಓರೆಗೆರೆ. ಫ್ರೀ ಥ್ರೋ ಬಿದ್ದರೆ ತುಂಬಿದ ಚುಕ್ಕೆ. ಫೌಲ್ ಮಾಡಿದವನ ಹೆಸರಿನ ಮುಂದೆ 'ಪಿ', ಅದಕ್ಕೆ ಎರಡು ಥ್ರೋ ಕೊಟ್ಟಿದ್ದರೆ ಪಕ್ಕದಲ್ಲಿ ಸಣ್ಣದಾಗಿ 2.

ಈ ವರ್ಷ ಆಚೆಯವರೊಂದಿಗಿನ ಪಂದ್ಯ ನಮ್ಮ ಅಂಗಳದಲ್ಲೇ ಇತ್ತು. ಕೊನೆಯ ಶಿಳ್ಳೆ ಊದಿದಾಗ ನಾವು 58, ಅವರು 57. ನಮ್ಮ ಹುಡುಗರು ಕುಣಿಯತೊಡಗಿದರು. ನಾನು ಶೀಟಿನ ಕೊನೆಯ ಸಾಲು ಎಳೆಯುವ ಮೊದಲು ಅಭ್ಯಾಸಬಲದಿಂದ ಒಮ್ಮೆ ತಾಳೆ ನೋಡಿದೆ. ಮೂರನೇ ಪಾದದಲ್ಲಿ ನಮ್ಮವನೊಬ್ಬನ ಮುಂದೆ ಕೆಂಪಿನಲ್ಲಿ 'ಪಿ 2' ಇದೆ. ಥ್ರೋ ಎಸೆದವನು ಹನ್ನೊಂದನೇ ನಂಬರಿನವನು. ಚುಕ್ಕೆ ಒಂದೇ ಇದೆ.

ಎರಡನೆಯದು ತಪ್ಪಿತ್ತೇ? ಇಲ್ಲ. ಅವನು ಎಸೆದ ಎರಡು ಸಲವೂ ನಾನು "ಛೇ!" ಎಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಆ ಹೊತ್ತಿಗೆ ಹಿಂದಿನಿಂದ ಯಾರೋ ಕರೆದರು, ತಿರುಗಿದೆ, ಬರೆಯಲು ಮರೆತೆ. ಬೋರ್ಡು ತಿರುಗಿಸುವ ಹುಡುಗ ನನ್ನ ಶೀಟನ್ನೇ ನೋಡಿ ತಿರುಗಿಸುವವನು. ಗದ್ದಲದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

ರೆಫ್ರಿ ಸಹಿ ಹಾಕುವವರೆಗೆ ಅಂಕದ ತಪ್ಪನ್ನು ತಿದ್ದಬಹುದು ಎಂಬುದು ನಿಯಮ. ಸಹಿಯಾದ ಮೇಲೆ ಮುಗಿಯಿತು. ಅವರು ಪೆನ್ನು ತೆಗೆದುಕೊಂಡು ಬರುತ್ತಿದ್ದರು. ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಮಿತ್ರರೇ, ಆ ಅರ್ಧ ನಿಮಿಷದಲ್ಲಿ ನನಗೆ ಧರ್ಮರಾಯ ನೆನಪಾದ ಎಂದು ಬರೆದರೆ ಅದು ಸುಳ್ಳಾಗುತ್ತದೆ. ನೆನಪಾದದ್ದು ನಾಳೆಯ ಕ್ಯಾಂಟೀನು. ಗಂಟಲು ಒಣಗಿತು. "ಸರ್, ಒಂದು ಅಂಕ ಬಿಟ್ಟುಹೋಗಿದೆ" ಎಂದುಬಿಟ್ಟೆ.

ರೆಫ್ರಿ ತಮ್ಮ ಜೊತೆಯವರನ್ನೂ ಮೇಜಿನವರನ್ನೂ ಕೇಳಿದರು. ಎರಡೂ ಬಿದ್ದದ್ದು ಒಬ್ಬೊಬ್ಬರಿಗಾಗಿ ನೆನಪಾಯಿತು. 58-58. ಐದು ನಿಮಿಷ ಹೆಚ್ಚುವರಿ ಆಟ. ನಾವು 63ಕ್ಕೆ ನಿಂತೆವು, ಅವರು 66.

ಒಂದು ವಾರ ನಮ್ಮ ಟೇಬಲ್ಲಿನಲ್ಲಿ ನನಗೆ ಕುರ್ಚಿ ಇರಲಿಲ್ಲ. "ನಿನ್ನ ಕನ್ನಡದವನಿಗಾಗಿ ಮಾಡಿದೆ" ಎಂದರು. ಅದು ನನಗೆ ಸೋಲಿಗಿಂತ ಹೆಚ್ಚು ಚುಚ್ಚಿತು. ಏಕೆಂದರೆ ಅವನಿಗಾಗಿ ಮಾಡಿರಲಿಲ್ಲ. ಚುಕ್ಕೆ ಹಾಕಬೇಕಾದವನು ನಾನು, ಹಾಕದವನೂ ನಾನು, ಅಷ್ಟೇ.

ಪಂದ್ಯದ ಸಂಜೆ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಹನ್ನೊಂದನೇ ನಂಬರಿನವನು ಸಿಕ್ಕಿದ. ಎರಡು ವಡಾ ಪಾವ್ ತಂದು ಒಂದನ್ನು ನನ್ನ ಕೈಗಿಟ್ಟ.

"ನಂಗೆ ಲೆಕ್ಕವೇ ಇರ್ಲಿಲ್ಲ ಮಾರಾಯ. ನೀನು ಹೇಳದಿದ್ರೆ ಸೋತೆವು ಅಂತ ಮನೆಗೆ ಹೋಗ್ತಿದ್ದೆ."

"ಹೋಗಬೇಕಿತ್ತು" ಎಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ವಡಾ ಪಾವ್ ಮಾತ್ರ ಬಿಸಿಯಾಗಿತ್ತು, ತಿಂದೆ.

ಈಗ ಕುರ್ಚಿ ಮರಳಿ ಸಿಕ್ಕಿದೆ. ವಾದವೂ ಹಾಗೆಯೇ ನಡೆದಿದೆ. ಮುಂದಿನ ವರ್ಷ ಆಚೆಯವರನ್ನು ಹತ್ತು ಅಂಕಗಳಿಂದ ಸೋಲಿಸಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗುವವನು ನಾನೇ. ಹತ್ತು ಅಂಕಗಳ ಅಂತರವಿದ್ದರೆ ಒಂದು ಚುಕ್ಕೆಯ ಚಿಂತೆ ಇರುವುದಿಲ್ಲ ನೋಡಿ.